ಅತಿಭಾರಾರೋಪಣ: ದಣಿದ ಶ್ರಾವಕನ ಉಪವಾಸ

ಉಪವಾಸದ ಮಹಿಮೆಯನ್ನು ಕುರಿತು ನಮ್ಮ ಈ ಪತ್ರಿಕೆಯಲ್ಲಿ ಅನೇಕ ಲೇಖನಗಳು ಬಂದಿವೆ. ಒಂದೆರಡನ್ನು ನಾನೇ ಬರೆದಿದ್ದೇನೆ. ಅವುಗಳಲ್ಲಿ ಹೇಳಿದ ಯಾವ ಮಾತನ್ನೂ ಇಲ್ಲಿ ಹಿಂದಕ್ಕೆ ಪಡೆಯುತ್ತಿಲ್ಲ. ಆದರೆ ಹೇಳದೆ ಬಿಟ್ಟ ಮಾತೊಂದಿತ್ತು. ಅದನ್ನು ಬಿಟ್ಟುದರಿಂದ ನನ್ನ ಶಿಷ್ಯನೊಬ್ಬನಿಗೆ ಕೇಡಾಯಿತು. ವರ್ಷಗಟ್ಟಲೆ ಕೆಲಸದ ಹೊರೆ ಹೊತ್ತು ಮನಸ್ಸೇ ಬತ್ತಿಹೋದ ಶ್ರಾವಕನು ವ್ರತೋಪವಾಸಗಳನ್ನು ಹೇಗೆ ಆಚರಿಸಬೇಕು, ಎಷ್ಟರಮಟ್ಟಿಗೆ ಆಚರಿಸಬೇಕು ಎಂಬುದೇ ಆ ಮಾತು.

ನಾನಿರುವುದು ಸಂಡೂರು ತಾಲ್ಲೂಕಿನ ಯಶವಂತನಗರದಲ್ಲಿ. ಹೊಸಪೇಟೆಯಿಂದ ಸ್ವಾಮಿಹಳ್ಳಿಗೆ ಹೋಗುವ ರೈಲುಮಾರ್ಗದಲ್ಲಿ ನಮ್ಮದೂ ಒಂದು ನಿಲ್ದಾಣ. ಅದನ್ನು ಹಾದುಹೋಗುವುದು ಬಹುಮಟ್ಟಿಗೆ ಅದಿರು. ಈ ಬೆಟ್ಟಗಳಲ್ಲಿ ಅದಿರು ತೆಗೆಯುವುದು ಇಪ್ಪತ್ತನೆಯ ಶತಮಾನದ ಆರಂಭದಿಂದಲೂ ನಡೆದುಬಂದ ಕೆಲಸ. 1977ರಲ್ಲಿ ದೋಣಿಮಲೆಯ ಗಣಿ ಆರಂಭವಾದಾಗಲೂ ಊರಿನ ಬಾಳು ತನ್ನ ಹದವನ್ನು ಕಳೆದುಕೊಂಡಿರಲಿಲ್ಲ. ಹದ ತಪ್ಪಿದ್ದು ಈ ಶತಮಾನದ ಮೊದಲ ದಶಕದಲ್ಲಿ, ಚೀನಾ ದೇಶದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿದಾಗ. ಹತ್ತನೆಯ ತರಗತಿಯ ಹಾಜರಿ ಕರೆಯುವಾಗ ನಾಲ್ಕಾರು ಹೆಸರುಗಳಿಗೆ ಉತ್ತರವೇ ಬರುತ್ತಿರಲಿಲ್ಲ. ಆ ಹುಡುಗರು ಲಾರಿಗಳ ಕ್ಲೀನರುಗಳಾಗಿ ಹೋಗಿರುತ್ತಿದ್ದರು. ಹಗಲು ರಾತ್ರಿಯೆನ್ನದೆ ಲಾರಿಗಳು ಓಡಿದವು, ಅವುಗಳೊಡನೆ ಮನುಷ್ಯರೂ ಓಡಿದರು. ಮಿತಿಮೀರಿ ಭಾರ ಹೇರಿದ ಲಾರಿಗಳ ವಿಷಯ ಲೋಕಾಯುಕ್ತರ ವರದಿಯವರೆಗೂ ಹೋಯಿತು. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರಲ್ಲಿ ಮತ್ತೆ ಅನುಮತಿ ಕೊಡುವಾಗ ಜಿಲ್ಲೆಯಿಂದ ವರ್ಷಕ್ಕೆ ಇಷ್ಟೇ ಅದಿರು ಎಂದು 25 ದಶಲಕ್ಷ ಟನ್ನಿನ ಮಿತಿಯನ್ನು ಹಾಕಿತು. ಮುಂದೆ ಆ ಮಿತಿಯನ್ನು ಹಂತಹಂತವಾಗಿ ಏರಿಸಲಾಯಿತು. ಜೈನ ಪರಿಭಾಷೆಯಲ್ಲಿ ಹೇಳುವುದಾದರೆ, ನ್ಯಾಯಾಲಯವು ಬೆಟ್ಟಕ್ಕೆ ಪರಿಮಾಣವ್ರತವನ್ನು ಕೊಟ್ಟಿತು. ಬೆಟ್ಟದ ಕೆಳಗೆ ದುಡಿಯುವ ಮನುಷ್ಯನಿಗೆ ಅಂಥ ವ್ರತವನ್ನು ಕೊಟ್ಟವರು ಯಾರೂ ಇಲ್ಲ.

ಶಿಷ್ಯನ ವಿಷಯಕ್ಕೆ ಬರುತ್ತೇನೆ. ಅವನ ಹೆಸರು ಇಲ್ಲಿ ಬೇಡ. ಸಜ್ಜನರ ಮನೆತನ, ರಾತ್ರಿಭೋಜನ ತ್ಯಾಗ, ನೀರು ಸೋಸಿ ಕುಡಿಯುವುದು, ಅಷ್ಟಮೂಲಗುಣ ಪಾಲನೆ, ಇವೆಲ್ಲ ಬಾಲ್ಯದಿಂದ ಬಂದವು. 2009ರಲ್ಲಿ, ಎಲ್ಲರೂ ಕೊಳ್ಳುತ್ತಿದ್ದಾರೆಂದು, ಸಾಲ ಮಾಡಿ ಒಂದು ಟಿಪ್ಪರನ್ನು ಕೊಂಡನು. ಎರಡು ವರ್ಷಗಳಲ್ಲಿ ಗಣಿಗಳು ನಿಂತವು. ಟಿಪ್ಪರು ಮನೆಯ ಮುಂದೆ ತುಕ್ಕು ಹಿಡಿಯಿತು, ಸಾಲ ಮಾತ್ರ ಬೆಳೆಯಿತು. ಗಣಿಗಳು ಪುನಃ ಆರಂಭವಾದ ಮೇಲೆ ಒಂದು ಗಣಿಯ ವೇಬ್ರಿಡ್ಜಿನಲ್ಲಿ, ಎಂದರೆ ಲಾರಿಗಳನ್ನು ತೂಗುವ ಕಟ್ಟೆಯಲ್ಲಿ, ಮೇಲ್ವಿಚಾರಕನಾಗಿ ಸೇರಿದನು. ಅದರ ಸಂಬಳ ಸಾಲದ ಬಡ್ಡಿಗೆ ಸಾಲದು. ಆದ್ದರಿಂದ ರಾತ್ರಿ ಇನ್ನೊಂದು ಕಡೆ ಲೆಕ್ಕ ಬರೆಯುವ ಕೆಲಸವನ್ನೂ ಹಿಡಿದನು. ಹೀಗೆ ಹತ್ತಿರಹತ್ತಿರ ಹತ್ತು ವರ್ಷಗಳು ಕಳೆದವು.

ಮೊದಲು ಅವನು ನಗುನಗುತ್ತಾ ಲಾರಿಯ ಚಾಲಕರ ಕಷ್ಟಸುಖ ವಿಚಾರಿಸುತ್ತಿದ್ದವನು. ಕ್ರಮೇಣ ಮಾತು ಕಡಿಮೆಯಾಯಿತು. ಹಬ್ಬಕ್ಕೆ ಹೊಸ ಬಟ್ಟೆ ಬೇಡವೆಂದನು, ಮಗಳ ಶಾಲೆಯ ಸಮಾರಂಭಕ್ಕೆ ಹೋಗಲಿಲ್ಲ, ಊಟದ ರುಚಿಯನ್ನು ಕುರಿತು ಒಂದು ಮಾತೂ ಇಲ್ಲ. ನಾನಾದರೋ ಇದನ್ನು ವೈರಾಗ್ಯವೆಂದು ತಿಳಿದೆನು! ಚಾತುರ್ಮಾಸದ ಪ್ರವಚನದಲ್ಲಿ ಹತ್ತು ಜನರ ಎದುರಿಗೆ ಅವನನ್ನು ಹೊಗಳಿದ್ದೂ ಉಂಟು. ಒಂದು ಸಂಜೆ ಅವನೇ ಬಂದು, "ಏನೂ ಬೇಡ ಅನಿಸ್ತೈತೆ ಸಾರ್, ಎದ್ದು ಕೆಲಸಕ್ಕೆ ಹೋಗೋದೇ ಬೆಟ್ಟ ಆಗೈತೆ" ಎಂದಾಗಲೂ ನನಗೆ ತಿಳಿಯಲಿಲ್ಲ. ಇದು ಪ್ರಮಾದ, ಇದಕ್ಕೆ ತಪಸ್ಸೇ ಮದ್ದು ಎಂದು ಹೇಳಿ ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸವನ್ನೂ, ಮುಂಬರುವ ದಶಲಕ್ಷಣ ಪರ್ವದಲ್ಲಿ ಹತ್ತು ದಿನ ಏಕಾಶನವನ್ನೂ ವಿಧಿಸಿದೆನು. ಅವನು ಒಂದನ್ನೂ ತಪ್ಪಿಸಲಿಲ್ಲ. ಎರಡು ಕೆಲಸಗಳನ್ನೂ ತಪ್ಪಿಸಲಿಲ್ಲ. 2023ರ ಅನಂತ ಚತುರ್ದಶಿಯ ಮಧ್ಯಾಹ್ನ, ನಿರ್ಜಲ ಉಪವಾಸದಲ್ಲಿ, ತೂಕದ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೆಳಗೆ ಬಿದ್ದನು.

ಆಸ್ಪತ್ರೆಯಿಂದ ಬಂದ ಕೆಲವು ವಾರಗಳ ಮೇಲೆ ಅವನನ್ನು ಹಂಪೆಯ ಗಾಣಿಗಿತ್ತಿ ಬಸದಿಗೆ ಕರೆದುಕೊಂಡು ಹೋದೆನು. ಎರಡನೆಯ ಹರಿಹರನ ಕಾಲದಲ್ಲಿ, 1385ರಲ್ಲಿ, ಇರುಗಪ್ಪ ದಂಡನಾಯಕನು ಕಟ್ಟಿಸಿದ ಕುಂಥುನಾಥ ಜಿನಾಲಯವದು. ಮುಂದಿನ ಕಂಬದಲ್ಲಿ ಅದರ ಶಾಸನವಿದೆ. ಜನಸಂದಣಿಯಿಲ್ಲದ ಆ ಸ್ಥಳದಲ್ಲಿ ಜಗಲಿಯ ಮೇಲೆ ಕುಳಿತು ಅವನು ಹೇಳಿದ ಮಾತು ಇದು: "ಉಪವಾಸ ಮಾಡಿದ್ರೆ ಹಗುರಾಗ್ತೈತೆ ಅಂದಿದ್ರಿ. ನನಗೆ ಅದೂ ಒಂದು ಡ್ಯೂಟಿ ಆಗಿಬಿಡ್ತು ಸಾರ್." ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಪಾಠ ಹೇಳಿದವನಿಗೆ ಶಿಷ್ಯನು ಹೇಳಿದ ಪಾಠವಿದು. ಅಂದು ರಾತ್ರಿ ಮನೆಗೆ ಬಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಮತ್ತೆ ತೆರೆದೆನು.

ಅಹಿಂಸಾಣುವ್ರತಕ್ಕೆ ಉಮಾಸ್ವಾಮಿಗಳು ಐದು ಅತಿಚಾರಗಳನ್ನು ಹೇಳಿರುವರು: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಕಟ್ಟುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಶಕ್ತಿ ಮೀರಿ ಹೊರಿಸುವುದು, ಅನ್ನನೀರನ್ನು ತಡೆಯುವುದು. ಪಾಠಶಾಲೆಯ ಮಕ್ಕಳಿಗೆ ಇದನ್ನು ಹೇಳಿಕೊಡುವಾಗ ನಾವೆಲ್ಲರೂ ಎತ್ತು ಕತ್ತೆಗಳ ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇವೆ. ನಾನೂ ಹಾಗೆಯೇ ಹೋದವನು. ನನ್ನ ಶಿಷ್ಯನು ದಿನವಿಡೀ ಮಾಡುತ್ತಿದ್ದ ಕೆಲಸವೆಂದರೆ ಯಾವ ಲಾರಿ ತನ್ನ ಮಿತಿಗಿಂತ ಹೆಚ್ಚು ಹೊತ್ತಿದೆಯೆಂದು ನೋಡಿ ಹಿಂದಕ್ಕೆ ಕಳುಹಿಸುವುದು. ಅವನನ್ನೇ ತೂಕದ ಕಟ್ಟೆಯ ಮೇಲೆ ನಿಲ್ಲಿಸಿದವರು ಇಲ್ಲ. ಹಗಲಿನ ಕೆಲಸ, ರಾತ್ರಿಯ ಕೆಲಸ, ಸಾಲ, ಇವುಗಳ ಮೇಲೆ ನಾನು ಒಂದು ಉಪವಾಸವನ್ನು ಹೇರಿದೆನು. ನಾಲ್ಕನೆಯ ಮತ್ತು ಐದನೆಯ ಅತಿಚಾರಗಳೆರಡೂ, ಧರ್ಮದ ಹೆಸರಿನಲ್ಲಿ, ನನ್ನ ಕೈಯಿಂದಲೇ ಆದವು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಅತಿಚಾರವು ಪರರನ್ನು ಪೀಡಿಸುವುದಕ್ಕೆ ಹೇಳಿದ್ದು. ತನ್ನ ದೇಹವನ್ನು ತಾನು ದಣಿಸಿಕೊಂಡರೆ ಅದು ಕಾಯಕ್ಲೇಶ ತಪಸ್ಸಲ್ಲವೇ ಎಂದು. ಪ್ರಾಣಗಳು ಹತ್ತು ಎಂಬುದನ್ನು ನೆನೆಯೋಣ. ಐದು ಇಂದ್ರಿಯಗಳು, ಶ್ವಾಸೋಚ್ಛ್ವಾಸ, ಆಯುಸ್ಸು ಇವುಗಳೊಡನೆ ಮನೋಬಲ, ವಚನಬಲ, ಕಾಯಬಲ ಎಂಬ ಮೂರು ಬಲಗಳು. ಮನೋಬಲವೂ ಪ್ರಾಣವೇ. ಪ್ರಮತ್ತಯೋಗದಿಂದ ಪ್ರಾಣಕ್ಕೆ ಹಾನಿ ಮಾಡುವುದು ಹಿಂಸೆಯಾದರೆ, ಲೋಭದಿಂದಲೋ ಭಯದಿಂದಲೋ ಮನೋಬಲವನ್ನು ಸವೆಸುವುದೂ ಹಿಂಸೆಯೇ. ಕಷಾಯಕ್ಕೆ ವಶನಾದವನು ಪರರಿಗಿಂತ ಮೊದಲು ತನ್ನನ್ನೇ ಕೊಂದುಕೊಳ್ಳುತ್ತಾನೆಂಬುದು ಅಮೃತಚಂದ್ರಸೂರಿಗಳ ಪುರುಷಾರ್ಥಸಿದ್ಧ್ಯುಪಾಯದ ಅಭಿಪ್ರಾಯ. ಕಾಯಕ್ಲೇಶ ತಪಸ್ಸಿನಲ್ಲಿ ದೇಹ ದಣಿಯುತ್ತದೆ, ಮನಸ್ಸು ತಿಳಿಯಾಗುತ್ತದೆ. ಮನಸ್ಸು ಕದಡಿದರೆ ಅದು ಕ್ಲೇಶ ಮಾತ್ರ, ತಪಸ್ಸಲ್ಲ. ತಪಸ್ಸೂ ತ್ಯಾಗವೂ ಶಕ್ತ್ಯನುಸಾರವಾಗಿರಬೇಕೆಂದು ಷೋಡಶಕಾರಣ ಭಾವನೆಗಳಲ್ಲಿಯೇ ಸೇರಿದೆಯಲ್ಲವೇ?

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅತಿಭಾರವನ್ನು ಅವರು ಎರಡು ಕಡೆ ಹೇಳುತ್ತಾರೆ. ಅಹಿಂಸಾಣುವ್ರತದಲ್ಲಿ ಒಮ್ಮೆ, ಪರಿಗ್ರಹಪರಿಮಾಣದ ಅತಿಚಾರಗಳಲ್ಲಿ, ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ ಇವುಗಳ ಜೊತೆಗೆ, ಮತ್ತೊಮ್ಮೆ. ಎತ್ತು ಸುಖವಾಗಿ ನಡೆಯಬಲ್ಲ ದೂರವನ್ನು ಮೀರಿ ಅದನ್ನು ಓಡಿಸುವುದೇ ಅತಿವಾಹನವೆಂದು ವ್ಯಾಖ್ಯಾನಕಾರರು ಅರ್ಥ ಹೇಳಿದ್ದಾರೆ. ಹೊರೆ ಎತ್ತಿನ ಬೆನ್ನಿನ ಮೇಲೆ ಕಾಣುತ್ತದೆ. ಅದರ ಬೇರು ಯಜಮಾನನ ಲೋಭದಲ್ಲಿರುತ್ತದೆ. ವಿಸ್ಮಯ ಎಂಬ ಮಾತನ್ನೂ ಗಮನಿಸಬೇಕು. ನೆರೆಯವನ ಲಾಭವನ್ನು ಕಂಡು ಬೆರಗಾಗುವುದು! 2009ರಲ್ಲಿ ನಮ್ಮೂರಿನಲ್ಲಿ ಟಿಪ್ಪರು ಕೊಂಡವರಲ್ಲಿ ಹೆಚ್ಚಿನವರು ಕೊಂಡದ್ದು ಈ ವಿಸ್ಮಯದಿಂದಲೇ.

ಆದರೆ ನ್ಯಾಯವಾಗಿ ಹೇಳಬೇಕೆಂದರೆ, 2013ರ ನಂತರ ನನ್ನ ಶಿಷ್ಯನನ್ನು ಓಡಿಸಿದ್ದು ಲೋಭವಲ್ಲ, ಭಯ. ಸಾಲಗಾರನಿಗೆ ಪರಿಮಾಣವ್ರತವನ್ನು ಬೋಧಿಸುವುದು ಸುಲಭ. ತನ್ನ ದುಡಿಮೆಯ ಗಂಟೆಗಳನ್ನು ತಾನೇ ನಿಶ್ಚಯಿಸುವ ಸ್ವಾತಂತ್ರ್ಯ ಎಷ್ಟು ಜನರಿಗಿದೆ? ಗಣಿಯ ಹೊರಮೈಯಲ್ಲಿ ದುಡಿಯುವವನಿಗೆ ವಾರಕ್ಕೆ 48 ಗಂಟೆ, ವಾರದಲ್ಲಿ ಒಂದು ದಿನ ಬಿಡುವು ಎಂದು 1952ರ ಗಣಿ ಕಾಯ್ದೆಯೇ ವಿಧಿಸಿತ್ತು. ಕಾಯ್ದೆ ಒಬ್ಬ ಯಜಮಾನನನ್ನು ಕಾಣುತ್ತದೆ. ಇಬ್ಬರು ಯಜಮಾನರ ನಡುವೆ ಹಂಚಿಹೋದ ಮನುಷ್ಯನನ್ನು ಕಾಣುವುದಿಲ್ಲ. ಹೊರುವವನು ತನ್ನಿಂದಾದಷ್ಟು ಇಳಿಸಬಹುದು. ಉಳಿದುದು ಹೊರಿಸುವವನ ಅತಿಚಾರ, ಅದಕ್ಕೆ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾದವನು ಅವನೇ. ನಮ್ಮ ಸಮಾಜದಲ್ಲಿ ಅಂಗಡಿ, ಗೋದಾಮು, ಸಾರಿಗೆ ಸಂಸ್ಥೆಗಳನ್ನು ನಡೆಸುವ ಶ್ರಾವಕರು ಕಡಿಮೆಯಿಲ್ಲ. ಪರ್ವದ ದಿನ ತಾವು ಬಸದಿಯಲ್ಲಿ ಕುಳಿತು, ಅಂಗಡಿಯ ಹುಡುಗನನ್ನು ರಾತ್ರಿ ಹತ್ತರವರೆಗೆ ನಿಲ್ಲಿಸಿಕೊಳ್ಳುವವರನ್ನು ನಾನು ಕಂಡಿದ್ದೇನೆ. ಅವರ ಉಪವಾಸದ ಲೆಕ್ಕವನ್ನು ನಾನು ಬರೆಯಲಾರೆ.

ಈ ದಣಿವಿನ ಸ್ವರೂಪವನ್ನು ಆಧುನಿಕ ವಿದ್ವಾಂಸರೂ ಪರಿಶೀಲಿಸಿದ್ದಾರೆ. ಇಂಗ್ಲಿಷಿನಲ್ಲಿ ಇದಕ್ಕೆ ಬರ್ನ್‌ಔಟ್ ಎನ್ನುತ್ತಾರೆ. ಎಣ್ಣೆ ತೀರಿದ ಮೇಲೆ ದೀಪದಲ್ಲಿ ಬತ್ತಿಯೇ ಸುಡುವಂತಹ ಸ್ಥಿತಿ. ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಅವರು 1974ರಲ್ಲಿ ಈ ಮಾತನ್ನು ಬಳಕೆಗೆ ತಂದರು. ಚಿಕಿತ್ಸಾಲಯದಲ್ಲಿ ಸೇವಾಭಾವದಿಂದ ದುಡಿಯುವವರಲ್ಲಿ, ಎಂದರೆ ಸೋಮಾರಿಗಳಲ್ಲದವರಲ್ಲಿ, ಅವರು ಇದನ್ನು ಕಂಡರೆಂಬುದು ಗಮನಾರ್ಹ. ಅನಂತರ ಕ್ರಿಸ್ಟಿನಾ ಮಾಸ್ಲಾಕ್ ಎಂಬ ವಿದುಷಿಯು ಇದಕ್ಕೆ ಮೂರು ಲಕ್ಷಣಗಳನ್ನು ಗುರುತಿಸಿದರು: ಶಕ್ತಿಯೆಲ್ಲ ಬತ್ತಿಹೋಗುವುದು, ಕೆಲಸದ ಮೇಲೂ ಜನರ ಮೇಲೂ ತಾತ್ಸಾರ ಹುಟ್ಟುವುದು, ತನ್ನಿಂದ ಏನೂ ಆಗದೆಂಬ ಭಾವನೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ತನ್ನ ರೋಗವರ್ಗೀಕರಣದಲ್ಲಿ ಇದನ್ನು ವಿವರಿಸುವಾಗ, ಇದು ರೋಗವಲ್ಲ, ಸರಿಯಾಗಿ ನಿಭಾಯಿಸದೆ ಉಳಿದ ದೀರ್ಘಕಾಲದ ಕೆಲಸದ ಒತ್ತಡದಿಂದ ಬರುವ ಸ್ಥಿತಿ ಎಂದಿತು. ರೋಗವಲ್ಲವೆಂದ ಮಾತ್ರಕ್ಕೆ ಹಗುರವಾದುದಲ್ಲ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವುದರಿಂದ ಬಂದ ಹೃದ್ರೋಗ, ಪಾರ್ಶ್ವವಾಯುಗಳಿಂದ 2016ರಲ್ಲಿ ಜಗತ್ತಿನಲ್ಲಿ ಸುಮಾರು 7,45,000 ಜನ ತೀರಿಕೊಂಡರೆಂದು ಅದೇ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ 2021ರಲ್ಲಿ ಅಂದಾಜು ಮಾಡಿದವು.

ಮಾಸ್ಲಾಕ್ ಅವರ ಮಾತನ್ನು ಓದಿದಾಗ ನನಗೆ ಸಾಮಾಯಿಕದ ಅತಿಚಾರಗಳು ನೆನಪಾದವು. ಮನ ವಚನ ಕಾಯಗಳ ದುಷ್ಪ್ರಣಿಧಾನ ಮೂರು, ಅನಾದರ ನಾಲ್ಕನೆಯದು, ಸ್ಮೃತ್ಯನುಪಸ್ಥಾನ, ಎಂದರೆ ಮಾಡುತ್ತಿರುವುದೇ ನೆನಪಿನಲ್ಲಿ ನಿಲ್ಲದಿರುವುದು, ಐದನೆಯದು. ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಆಚಾರ್ಯರು ಹೇಳಿದ್ದು ಧರ್ಮಕ್ರಿಯೆಗೆ, ಇವರು ಹೇಳುವುದು ಉದ್ಯೋಗಕ್ಕೆ. ಆದರೆ ಕಟ್ಟೆಯಲ್ಲಿ ಹುಟ್ಟಿದ ಅನಾದರವು ಕಟ್ಟೆಯಲ್ಲಿಯೇ ಉಳಿಯುವುದಿಲ್ಲ. ನನ್ನ ಶಿಷ್ಯನು ಸಾಮಾಯಿಕಕ್ಕೆ ಕುಳಿತರೆ ಲಾರಿಯ ನಂಬರುಗಳು ಕಣ್ಣ ಮುಂದೆ ಸಾಲಾಗಿ ಬರುತ್ತಿದ್ದವಂತೆ. ನಮೋಕಾರ ಮಂತ್ರದ ನಡುವೆ ಎಲ್ಲಿದ್ದೇನೆಂಬುದೇ ಮರೆಯುತ್ತಿತ್ತಂತೆ. ಅದು ಧರ್ಮಧ್ಯಾನವಲ್ಲ, ಕಣ್ಣು ಮುಚ್ಚಿ ಮಾಡಿದ ಆರ್ತಧ್ಯಾನ.

ವೈರಾಗ್ಯಕ್ಕೂ ಈ ದಣಿವಿಗೂ ವ್ಯತ್ಯಾಸ ತಿಳಿಯುವುದು ಹೇಗೆ? ನಾನು ತಪ್ಪಿದ್ದು ಇಲ್ಲಿಯೇ ಆದುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಇಬ್ಬರಿಗೂ ರುಚಿಯಲ್ಲಿ ಆಸೆಯಿಲ್ಲ, ಸಂಭ್ರಮ ಬೇಡ, ಮಾತು ಕಡಿಮೆ. ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳನ್ನು ಹಿಡಿದು ನೋಡಬೇಕು. ವಿರಾಗಿಯಲ್ಲಿ ಇವು ಹೆಚ್ಚುತ್ತವೆ. ದಣಿದವನಲ್ಲಿ ಇವೇ ಮೊದಲು ಬತ್ತುತ್ತವೆ. ಊಟ ಬಿಟ್ಟ ಮನುಷ್ಯನು ಹೆಂಡತಿಯ ಮೇಲೆ ಸಿಡುಕುತ್ತಾನೆಯೇ, ಮಗಳ ನಗುವನ್ನು ಕಂಡು ಅವನ ಮುಖ ಅರಳುತ್ತದೆಯೇ, ಎದುರಿಗೆ ಬಂದ ಚಾಲಕನು ಅವನಿಗೆ ಮನುಷ್ಯನಂತೆ ಕಾಣುತ್ತಾನೆಯೇ ಬರಿಯ ನಂಬರಿನಂತೆ ಕಾಣುತ್ತಾನೆಯೇ? ನಾನು ಅವನ ತಟ್ಟೆಯನ್ನು ನೋಡಿದೆ. ಅವನ ಮನೆಯವರನ್ನು ಒಂದು ಮಾತು ಕೇಳಿದ್ದರೆ ತಿಳಿಯುತ್ತಿತ್ತು. "ಮನೆಯಲ್ಲಿದ್ದರೂ ಇಲ್ಲದಂಗ ಇರ್ತಾರ" ಎಂದು ಆ ತಾಯಿ ಆಸ್ಪತ್ರೆಯಲ್ಲಿ ನನಗೆ ಹೇಳಿದರು, ನಾನು ಕೇಳದೆಯೇ. ಇನ್ನೊಂದು ಮಾತು. ಬಾಳೇ ಸಾಕೆಂದು ಯಾರಾದರೂ ಹೇಳಿದರೆ ಅದನ್ನು ಎಂದಿಗೂ ವೈರಾಗ್ಯವೆಂದು ಎಣಿಸಬಾರದು. ಸಲ್ಲೇಖನದ ಮಾತನ್ನು ಅಲ್ಲಿ ಎತ್ತಲೇಬಾರದು. ಅದು ಖಿನ್ನತೆ, ವೈದ್ಯರಿಗೆ ಸೇರಿದ ವಿಷಯ. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೂ ಮಾತನಾಡಬಹುದು.

ಹಾಗಾದರೆ ದಣಿದವನಿಗೆ ವ್ರತವೇ ಬೇಡವೇ? ಬೇಕು. ಆದರೆ ಹೊರೆಯ ಮೇಲಿನ ಹೊರೆಯಾಗಿ ಅಲ್ಲ. ಹೊರೆಗೆ ಹಾಕಿದ ಗೆರೆಯಾಗಿ. ಗುಣವ್ರತ ಶಿಕ್ಷಾವ್ರತಗಳೆಲ್ಲವೂ ಮೂಲತಃ ಗೆರೆಗಳೇ. ಪ್ರೋಷಧೋಪವಾಸವನ್ನೇ ನೋಡಿ. ಆ ದಿನ ಆಹಾರವನ್ನು ಬಿಟ್ಟರೆ ಸಾಲದು, ಆರಂಭವನ್ನೂ, ಎಂದರೆ ವ್ಯವಹಾರ ದುಡಿಮೆಗಳನ್ನೂ, ಬಿಡಬೇಕೆಂದು ಸಮಂತಭದ್ರರು ಸ್ಪಷ್ಟವಾಗಿ ಹೇಳಿದ್ದಾರೆ. ನಾವು ಅನ್ನವನ್ನು ಬಿಟ್ಟು ಆರಂಭವನ್ನು ಇಟ್ಟುಕೊಂಡಿದ್ದೇವೆ. ಎರಡರಲ್ಲಿ ಒಂದನ್ನು ಮಾತ್ರ ಬಿಡಲು ಸಾಧ್ಯವಿದ್ದವನು, ನನ್ನ ಅಲ್ಪಮತಿಗೆ ತೋಚುವಂತೆ, ಆರಂಭವನ್ನೇ ಬಿಡಲಿ. ಏಕಾಶನ ಮಾಡಿ ನಿದ್ದೆ ಮಾಡಲಿ. ಅವಮೌದರ್ಯ, ರಸಪರಿತ್ಯಾಗಗಳೂ ಬಾಹ್ಯತಪಗಳೇ. ರಾತ್ರಿಪಾಳಿ ಮಾಡಿದ ಮರುದಿನ, ಅಥವಾ ರಕ್ತದೊತ್ತಡ ಸಕ್ಕರೆಕಾಯಿಲೆಗಳಿಗೆ ಮಾತ್ರೆ ನುಂಗುವವನು ವೈದ್ಯರನ್ನು ಕೇಳದೆ, ನಿರ್ಜಲ ಉಪವಾಸ ಮಾಡಲಾಗದು. ಇದನ್ನು ಶೈಥಿಲ್ಯವೆಂದು ಯಾರಾದರೂ ಕರೆದರೆ ಕರೆಯಲಿ.

ದೇಶವ್ರತದ ಅತಿಚಾರಗಳಂತೂ ಇಂದಿನವರಿಗಾಗಿಯೇ ಬರೆದಂತಿವೆ. ಇಷ್ಟು ಹೊತ್ತು ಈ ಮನೆಯ ಗಡಿಯನ್ನು ದಾಟುವುದಿಲ್ಲವೆಂದು ವ್ರತ ಹಿಡಿದವನು, ಹೊರಗಿನಿಂದ ವಸ್ತು ತರಿಸಬಾರದು, ಆಳನ್ನು ಹೊರಗೆ ಕಳುಹಿಸಬಾರದು, ದನಿ ಮಾಡಿ ಹೊರಗಿನವರನ್ನು ಎಚ್ಚರಿಸಬಾರದು, ರೂಪ ತೋರಿಸಿ ಸನ್ನೆ ಮಾಡಬಾರದು, ಕಲ್ಲುಮಣ್ಣು ಎಸೆದು ತಿಳಿಸಬಾರದು. ದೇಹ ಒಳಗಿದ್ದು ವ್ಯವಹಾರ ಹೊರಗೆ ನಡೆದರೆ ವ್ರತಕ್ಕೆ ಊನ. ಮೊಬೈಲು ಇಲ್ಲದ ಕಾಲದಲ್ಲಿ ಶಬ್ದಾನುಪಾತ, ರೂಪಾನುಪಾತಗಳನ್ನು ಇಷ್ಟು ನಿಖರವಾಗಿ ಹೇಗೆ ಬರೆದರೆಂದು ಸೋಜಿಗವಾಗುತ್ತದೆ! ಮನೆಗೆ ಬಂದು ಕುಳಿತವನ ಕೈಯಲ್ಲಿ ಗಣಿಯ ಕಟ್ಟೆಯೇ ಇರುತ್ತದೆ. ರಾತ್ರಿ ಹನ್ನೊಂದಕ್ಕೂ ಲಾರಿಯ ಚಿತ್ರ ಬರುತ್ತದೆ. ಸಾಮಾಯಿಕಕ್ಕೆ ಕನಿಷ್ಠ ಎರಡು ಗಳಿಗೆ, ಎಂದರೆ 48 ನಿಮಿಷ. ಅಷ್ಟು ಹೊತ್ತಾದರೂ ಫೋನನ್ನು ಆರಿಸಿ ಗಡಿಯ ಹೊರಗೆ ಇಡುವುದು ದಣಿದವನಿಗೆ ಹತ್ತು ಏಕಾಶನಕ್ಕಿಂತ ಕಠಿಣವಾದ ತ್ಯಾಗ. ಮೊದಲ ವಾರ ಅವನ ಕೈ ನಡುಗುತ್ತಿತ್ತು.

ಉಳಿದುದು ನಮ್ಮ ಕರ್ತವ್ಯ. ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ಯವೂ ಒಂದು. ಅದಕ್ಕೆ ಪಾತ್ರರಾದ ಹತ್ತು ಬಗೆಯವರಲ್ಲಿ ಗ್ಲಾನನೂ ಒಬ್ಬ, ರೋಗದಿಂದ ಬಳಲಿದವನು. ಅದು ಮುನಿಗಳನ್ನು ಕುರಿತು ಹೇಳಿದುದಾದರೂ ಶ್ರಾವಕರಿಗೆ ಅನ್ವಯಿಸಿಕೊಂಡರೆ ದೋಷವಿಲ್ಲವೆಂದುಕೊಂಡೆವು. ನಾವು ನಾಲ್ಕು ಮನೆಯವರು ಕುಳಿತು ಅವನ ಸಾಲದ ಕಾಗದಗಳನ್ನು ಬಿಡಿಸಿ ನೋಡಿದೆವು. ಬಡ್ಡಿಗೆ ಬಡ್ಡಿ ಸೇರಿದ್ದನ್ನು ಮಾತನಾಡಿ ಇಳಿಸಿದೆವು. ಉಳಿದುದಕ್ಕೆ ಮೂರು ವರ್ಷದ ಕಂತು ಕಟ್ಟಿದೆವು. ರಾತ್ರಿಯ ಕೆಲಸವನ್ನು ಅವನು ಬಿಟ್ಟನು. ಇಷ್ಟಕ್ಕೆ ಬೇಕಾದದ್ದು ಎರಡು ಭಾನುವಾರ. ಅದಕ್ಕೂ ಮುಂಚೆ ಹತ್ತು ವರ್ಷ ನಾವು ಅವನ ಉಪವಾಸಗಳನ್ನು ಎಣಿಸುತ್ತಿದ್ದೆವು.

ಅವನಿಗೆ ಪೂರ್ಣ ಗುಣವಾಗಿದೆಯೆಂದು ಬರೆಯಲಾರೆ. ಔಷಧ ನಡೆದಿದೆ. ಕೆಲವು ದಿನ ಹಳೆಯ ನಗು ಬರುತ್ತದೆ, ಕೆಲವು ದಿನ ಇಲ್ಲ. ಕಳೆದ ಚತುರ್ದಶಿಯ ಸಂಜೆ ನಮ್ಮ ಮನೆಗೆ ಬಂದನು, ಏಕಾಶನ ಮುಗಿಸಿ. ಫೋನನ್ನು ಆರಿಸಿ ಹೊರಜಗಲಿಯ ಗೂಡಿನಲ್ಲಿಟ್ಟು ಒಳಗೆ ಬಂದು ಚಾಪೆಯ ಮೇಲೆ ಸಾಮಾಯಿಕಕ್ಕೆ ಕುಳಿತನು. ಅರ್ಧ ಗಳಿಗೆಯಾಗಿರಬೇಕು, ಅವನ ತಲೆ ಮೆಲ್ಲನೆ ಬಾಗಿತು. ಗೋಡೆಗೆ ಒರಗಿ ನಿದ್ದೆಹೋಗಿದ್ದನು. ಸಾಮಾಯಿಕದಲ್ಲಿ ನಿದ್ರೆ ದೋಷವೆಂದು ನಾನೇ ಎಷ್ಟೋ ಹುಡುಗರನ್ನು ಗದರಿಸಿ ಎಬ್ಬಿಸಿದವನು. ನಿಲ್ದಾಣದ ಕಡೆಯಿಂದ ಅದಿರಿನ ಗೂಡ್ಸ್ ಗಾಡಿ ಬಹಳ ಹೊತ್ತು ಸದ್ದು ಮಾಡುತ್ತಾ ಹೋಯಿತು. ಅದಕ್ಕೂ ಅವನಿಗೆ ಎಚ್ಚರವಾಗಲಿಲ್ಲ. ನಾನು ದೀಪವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ನನ್ನ ಜಪವನ್ನು ಸದ್ದಿಲ್ಲದೆ ಮುಂದುವರಿಸಿದೆನು.